ದ್ರವ್ಯವನ್ನು ಹೊರಗೆಸೆಯದೆ ನೌಕೆ ಸಾಗೀತೇ? ಸೌರಹಾಯಿಯನ್ನು ಒಪ್ಪುವವರು ಇಎಂ ಡ್ರೈವನ್ನು ಏಕೆ ಒಪ್ಪುವುದಿಲ್ಲ?

ದೂರಯಾನಿ ಕೇಳಿದ್ದಾರೆ:

ರಾಕೆಟ್ಟಿನ ಮೂಲ ತೊಡಕು ಇಲ್ಲಿರುವ ಎಲ್ಲರಿಗೂ ತಿಳಿದದ್ದೇ. ಮುಂದೆ ಹೋಗಬೇಕಾದರೆ ಹಿಂದಕ್ಕೆ ಏನನ್ನಾದರೂ ಎಸೆಯಬೇಕು, ಎಸೆಯಬೇಕಾದದ್ದನ್ನು ಮೊದಲೇ ಹೊತ್ತಿರಬೇಕು, ಆ ಹೊರೆಯನ್ನು ನೂಕುವುದಕ್ಕೆ ಮತ್ತಷ್ಟು ಎಸೆಯಬೇಕು. ತ್ಸಿಯೋಲ್ಕೋವ್‌ಸ್ಕಿಯ ರಾಕೆಟ್ ಸಮೀಕರಣದಲ್ಲಿ ಅಂಕಿಗಳನ್ನಿಟ್ಟು ನೋಡಿದೆ. ಸೆಕೆಂಡಿಗೆ 4.5 ಕಿ.ಮೀ. ವೇಗದಲ್ಲಿ ಅನಿಲ ಉಗುಳುವ ಒಳ್ಳೆಯ ರಾಸಾಯನಿಕ ಎಂಜಿನ್ ಬಳಸಿ ಸೆಕೆಂಡಿಗೆ 30 ಕಿ.ಮೀ. ವೇಗ ಗಳಿಸಬೇಕಾದರೆ, ಕೊನೆಗೆ ಉಳಿಯುವ ಪ್ರತಿ ಒಂದು ಕಿಲೋಗ್ರಾಂ ನೌಕೆಗೆ ಸುಮಾರು 785 ಕಿಲೋಗ್ರಾಂ ನೋದಕ, ಅಂದರೆ ಹಿಂದಕ್ಕೆ ಎಸೆಯುವ ದ್ರವ್ಯ, ಬೇಕಾಗುತ್ತದೆ. ಹತ್ತಿರದ ನಕ್ಷತ್ರಕ್ಕೆ ಹೋಗುವ ಮಾತು ಹಾಗಿರಲಿ, ನಮ್ಮ ಸೌರಮಂಡಲದೊಳಗೇ ಬೇಗ ಓಡಾಡುವುದಕ್ಕೂ ಈ ದಾರಿ ದುಬಾರಿಯಾಗಿದೆ.

ಆದ್ದರಿಂದ ದ್ರವ್ಯವನ್ನು ಎಸೆಯದೆಯೇ ಸಾಗುವ ಕಲ್ಪನೆಗಳ ಬಗ್ಗೆ ಓದುತ್ತಿದ್ದೇನೆ. ಸೂರ್ಯನ ಬೆಳಕಿನಿಂದ ನೂಕಿಸಿಕೊಳ್ಳುವ ಸೌರಹಾಯಿ, ಭೂಮಿಯ ಕಾಂತಕ್ಷೇತ್ರದಲ್ಲಿ ವಿದ್ಯುತ್ ಹರಿಸುವ ಉದ್ದನೆಯ ತಂತಿ, ಮುಚ್ಚಿದ ಲೋಹದ ಡಬ್ಬಿಯೊಳಗೆ ಮೈಕ್ರೋವೇವ್ ತುಂಬಿ ನೂಕುಬಲ ಪಡೆಯುತ್ತೇವೆನ್ನುವ ಇಎಂ ಡ್ರೈವ್ ಹೀಗೆ ಪಟ್ಟಿ ಬೆಳೆಯುತ್ತದೆ. ಮೊದಲೆರಡನ್ನು ಎಲ್ಲರೂ ಒಪ್ಪುತ್ತಾರೆ, ಮೂರನೆಯದನ್ನು ಕಂಡರೆ ಭೌತವಿಜ್ಞಾನಿಗಳು ಸಿಡುಕುತ್ತಾರೆ. ಮೂರರಲ್ಲಿಯೂ ಹಿಂದಕ್ಕೆ ಹೋಗುವ ಅನಿಲವಿಲ್ಲ. ಹಾಗಿದ್ದ ಮೇಲೆ ಈ ಭೇದಭಾವಕ್ಕೆ ಆಧಾರವೇನು? ಅಂದಾಜಿನ ಮಾತು ಬೇಡ, ಸಾಧ್ಯವಿದ್ದಷ್ಟು ಅಂಕಿಗಳೊಂದಿಗೆ ವಿವರಿಸುವವರಿದ್ದರೆ ಉಪಕಾರವಾಗುತ್ತದೆ. ದೇಶಕಾಲವನ್ನೇ ಬಾಗಿಸಿ ಸಾಗುವ ಯೋಜನೆಗಳು ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತವೆ ಎಂಬುದೂ ನನ್ನ ಕುತೂಹಲ.

ಕಕ್ಷಾಗಣಕ ಉತ್ತರಿಸಿದ್ದಾರೆ:

ದ್ರವ್ಯವನ್ನು ಎಸೆಯಲೇಬೇಕೆಂಬ ನಿಯಮ ಭೌತಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ. ನೌಕೆಗೆ ಮುಂದಿನ ದಿಕ್ಕಿನಲ್ಲಿ ಎಷ್ಟು ಸಂವೇಗ ದಕ್ಕಿತೋ ಅಷ್ಟೇ ಸಂವೇಗ ಹಿಂದಿನ ದಿಕ್ಕಿನಲ್ಲಿ ಇನ್ನೊಂದಕ್ಕೆ ಸೇರಿರಬೇಕು ಎಂದಷ್ಟೇ ನಿಯಮ ಕೇಳುತ್ತದೆ. ಆ ಇನ್ನೊಂದು ಅನಿಲವಾಗಬಹುದು, ಬೆಳಕಾಗಬಹುದು, ಒಂದು ಇಡೀ ಗ್ರಹವೂ ಆಗಬಹುದು. ಸೌರಹಾಯಿಯಲ್ಲಿ ಅದು ಮರಳಿ ಪುಟಿಯುವ ಬೆಳಕು, ತಂತಿಯಲ್ಲಿ ಅದು ಕಾಂತಕ್ಷೇತ್ರದ ಮೂಲಕ ಭೂಮಿ. ಇಎಂ ಡ್ರೈವಿನ ಪ್ರತಿಪಾದಕರನ್ನು ಇದೇ ಪ್ರಶ್ನೆ ಕೇಳಿದರೆ ಒಂದೇ ಉತ್ತರ ಬರುವುದಿಲ್ಲ. ಅದನ್ನು ಮುಂದಿಟ್ಟ ರೋಜರ್ ಶಾಯರ್ ಡಬ್ಬಿಯ ಅಗಲವಾದ ತುದಿಗೂ ಕಿರಿದಾದ ತುದಿಗೂ ಬೀಳುವ ಒತ್ತಡಗಳ ವ್ಯತ್ಯಾಸದ ಮಾತಾಡುತ್ತಾರೆ, ಆದರೆ ಓರೆಯಾದ ಪಕ್ಕದ ಗೋಡೆಗಳ ಮೇಲಿನ ಒತ್ತಡವನ್ನೂ ಕೂಡಿಸಿದರೆ ವಿದ್ಯುತ್ಕಾಂತತೆಯ ಮ್ಯಾಕ್ಸ್‌ವೆಲ್ ಸಮೀಕರಣಗಳ ಪ್ರಕಾರ ಒಟ್ಟು ಬಲ ಸೊನ್ನೆಯೇ ಆಗುತ್ತದೆ.

ಈಗ ಅಂಕಿಗಳಿಗೆ ಬರೋಣ. ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯವನ್ನು ಅಳೆಯಲು ಒಂದು ಸರಳವಾದ ಕೋಲಿದೆ. ನೀವು ಯಾವುದನ್ನು ನೂಕಿ ಮುಂದೆ ಹೋಗುತ್ತೀರೋ ಅದು ನಿಮ್ಮನ್ನು ದಾಟಿ ಹಿಂದಕ್ಕೆ ಯಾವ ವೇಗದಲ್ಲಿ ಹೋಗುತ್ತಿದೆ ಎಂದು ಕೇಳಿಕೊಳ್ಳಿ. ಆ ವೇಗ ಹೆಚ್ಚಿದಷ್ಟೂ ಪ್ರತಿ ನ್ಯೂಟನ್ ಬಲಕ್ಕೆ ಹೆಚ್ಚು ಶಕ್ತಿ ತೆರಬೇಕು, ಏಕೆಂದರೆ ಓಡುತ್ತಿರುವುದನ್ನು ನೂಕಲು ಬೇಕಾಗುವ ವಿದ್ಯುತ್ತು ಬಲವನ್ನು ವೇಗದಿಂದ ಗುಣಿಸಿದಷ್ಟು.

ಭೂಮಿಯ ಕೆಳಕಕ್ಷೆಯಲ್ಲಿರುವ ತಂತಿಯನ್ನು ತೆಗೆದುಕೊಳ್ಳಿ. 1996ರ ಫೆಬ್ರವರಿಯಲ್ಲಿ ಕೊಲಂಬಿಯಾ ಶಟಲ್‌ನಿಂದ ಬಿಚ್ಚಿದ ಟಿಎಸ್‌ಎಸ್-1ಆರ್ ಪ್ರಯೋಗದ ತಂತಿಯು 19.7 ಕಿ.ಮೀ. ಹೊರಬಂದಾಗ ತುಂಡಾಯಿತು, ಆದರೆ ಅಷ್ಟರೊಳಗೆ ಅದರ ತುದಿಗಳ ನಡುವೆ ಸುಮಾರು 3500 ವೋಲ್ಟ್ ಹುಟ್ಟಿತ್ತು. ಅಂತಹ ತಂತಿಯಲ್ಲಿ ಆ ವೋಲ್ಟೇಜಿಗೆ ಎದುರಾಗಿ 1 ಆಂಪಿಯರ್ ಹರಿಸಲು 3.5 ಕಿಲೋವ್ಯಾಟ್ ಬೇಕು, ಅದರಿಂದ ದೊರೆಯುವ ನೂಕುಬಲ 0.45 ನ್ಯೂಟನ್. ಅಂದರೆ ತಂತಿಯ ಸ್ವಂತ ನಷ್ಟಗಳನ್ನು ಬಿಟ್ಟರೆ ಪ್ರತಿ ಕಿಲೋವ್ಯಾಟಿಗೆ 130 ಮಿಲಿನ್ಯೂಟನ್‌ನಷ್ಟು. 2007ರಲ್ಲಿ ಹಾರಿದ ಡಾನ್ ನೌಕೆಯ, ಕ್ಸೆನಾನ್ ಅನಿಲಕ್ಕೆ ವಿದ್ಯುದಂಶ ಕೊಟ್ಟು ಹಿಂದಕ್ಕೆ ಎಸೆಯುವ ಅಯಾನ್ ಎಂಜಿನ್ 2.3 ಕಿಲೋವ್ಯಾಟಿನಲ್ಲಿ 90 ಮಿಲಿನ್ಯೂಟನ್‌ನಷ್ಟು ಕೊಡುತ್ತಿತ್ತು, ಅಂದರೆ ಕಿಲೋವ್ಯಾಟಿಗೆ 40. ಕ್ಸೆನಾನ್ ಹೊತ್ತೊಯ್ದ ಎಂಜಿನ್ನಿಗಿಂತ ಏನನ್ನೂ ಎಸೆಯದ ತಂತಿ ಮೂರು ಪಟ್ಟು ಮಿಗಿಲು! ಭೂಮಿ ತಂತಿಯನ್ನು ದಾಟುವ ವೇಗ ಸೆಕೆಂಡಿಗೆ ಏಳೆಂಟು ಕಿ.ಮೀ. ಮಾತ್ರ, ಕ್ಸೆನಾನ್ ಹೊರಬೀಳುವ ವೇಗ ಸೆಕೆಂಡಿಗೆ 30 ಕಿ.ಮೀ. ಎಂಬುದೇ ಇದರ ಗುಟ್ಟು. ಗ್ರಹದ ಕಾಂತಕ್ಷೇತ್ರವೂ ವಿದ್ಯುತ್ತಿನ ಸುತ್ತು ಪೂರ್ತಿಗೊಳಿಸುವ ಅಯಾನುಗೋಳವೂ (ಮೇಲಿನ ವಾತಾವರಣದಲ್ಲಿ ವಿದ್ಯುದಂಶವುಳ್ಳ ಕಣಗಳಿರುವ ಪದರ) ಇಲ್ಲದ ಕಡೆ ತಂತಿ ಬರೀ ಭಾರವೆಂಬುದು ಬೇರೆ ಮಾತು.

ಈ ಸಾಲಿನ ಇನ್ನೊಂದು ತುದಿಯಲ್ಲಿ ಬೆಳಕಿದೆ. ನೌಕೆಯಿಂದ ಹಿಂದಕ್ಕೆ ಬರಿಯ ಬೆಳಕನ್ನು ಚೆಲ್ಲಿದರೂ ನೂಕುಬಲ ಸಿಗುತ್ತದೆ, ಆದರೆ ಪ್ರತಿ ಕಿಲೋವ್ಯಾಟಿಗೆ 3.3 ಮೈಕ್ರೋನ್ಯೂಟನ್ ಮಾತ್ರ. ಒಂದು ನ್ಯೂಟನ್ ಬೇಕಾದರೆ 300 ಮೆಗಾವ್ಯಾಟ್ ಸುಡಬೇಕು. ಯಾವುದನ್ನೂ ಹೊತ್ತೊಯ್ಯದೆ, ಸುತ್ತಲಿನ ಯಾವುದನ್ನೂ ನೂಕದೆ, ಸ್ವಂತ ವಿದ್ಯುತ್ತಿನಿಂದ ಪಡೆಯಬಹುದಾದ ಬಲಕ್ಕೆ ಇದೇ ಮೇಲ್ಮಿತಿ.

ಸೌರಹಾಯಿ ಈ ದುಬಾರಿ ವಿನಿಮಯವನ್ನೇ ಮಾಡಿಕೊಳ್ಳುತ್ತದೆ, ಆದರೆ ಬೆಲೆ ತೆರುವವನು ಸೂರ್ಯ. ಭೂಮಿಯಷ್ಟು ದೂರದಲ್ಲಿ ಪ್ರತಿ ಚದರ ಮೀಟರ್ ಕನ್ನಡಿಯ ಮೇಲೆ ಬೀಳುವ ಒತ್ತಡ ಸುಮಾರು 9 ಮೈಕ್ರೋನ್ಯೂಟನ್. ಜಪಾನಿನ ಇಕಾರೋಸ್ 2010ರಲ್ಲಿ ಪ್ರತಿ ಬದಿಗೆ 14 ಮೀಟರ್ ಇರುವ, 7.5 ಮೈಕ್ರೋಮೀಟರ್ ದಪ್ಪದ ಹಾಯಿಯನ್ನು ಬಿಡಿಸಿ 1.12 ಮಿಲಿನ್ಯೂಟನ್ ಬಲ ಪಡೆಯಿತು. ಸುಮಾರು 300 ಕಿಲೋ ತೂಕದ ನೌಕೆಗೆ ಅದರಿಂದ ದಕ್ಕಿದ್ದು ದಿನಕ್ಕೆ ಸೆಕೆಂಡಿಗೆ 30 ಸೆಂಟಿಮೀಟರಿನಷ್ಟು ವೇಗದ ಏರಿಕೆ. ಅತ್ಯಲ್ಪ ನಿಜ, ಆದರೆ ಅದು ದಿನವೂ ಸಿಗುತ್ತದೆ.

ಇಎಂ ಡ್ರೈವಿನ ಹೇಳಿಕೆಯನ್ನು ಇದೇ ಕೋಲಿನಿಂದ ಅಳೆಯಿರಿ. ನಾಸಾದ ಈಗಲ್‌ವರ್ಕ್ಸ್ ತಂಡ 2016ರಲ್ಲಿ ಪ್ರಕಟಿಸಿದ ಅಂಕಿ ಕಿಲೋವ್ಯಾಟಿಗೆ 1.2 ಮಿಲಿನ್ಯೂಟನ್, ಅಂದರೆ ಬೆಳಕಿನ ಮಿತಿಯ 360 ಪಟ್ಟು. ಅದು ನಿಜವಾಗಬೇಕಾದರೆ ಡಬ್ಬಿಯು ತನ್ನನ್ನು ಸೆಕೆಂಡಿಗೆ 833 ಕಿ.ಮೀ. ಅಥವಾ ಅದಕ್ಕಿಂತ ಕಡಿಮೆ ವೇಗದಲ್ಲಿ ದಾಟುತ್ತಿರುವ ಏನೋ ಒಂದನ್ನು ನೂಕುತ್ತಿರಬೇಕು. ಆ ಏನೋ ಒಂದು ಯಾವುದು ಎಂದು ತೋರಿಸುವ ಹೊಣೆ ಅವರದು.

ತಿರುಚುತಕ್ಕಡಿ ಉತ್ತರಿಸಿದ್ದಾರೆ:

ಮೇಲಿನ ಉತ್ತರ ಸಿದ್ಧಾಂತದ ಕಡೆಯಿಂದ ಬಂದಿದೆ. ಸಣ್ಣ ಬಲಗಳನ್ನು ಅಳೆಯುವ ಕೆಲಸ ಮಾಡಿದವನಾಗಿ ಅಳತೆಯ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ಇಎಂ ಡ್ರೈವಿನ ಕಥೆ ತೀರ್ಮಾನವಾದದ್ದು ಕರಿಹಲಗೆಯ ಮೇಲಲ್ಲ, ನಿರ್ವಾತ ಕೋಣೆಯೊಳಗೆ.

ಈಗಲ್‌ವರ್ಕ್ಸ್ ತಂಡ ಡಬ್ಬಿಗೆ ಹರಿಸಿದ್ದು 40ರಿಂದ 80 ವ್ಯಾಟ್. ಎಂಬತ್ತು ವ್ಯಾಟಿನಲ್ಲಿ ಕಂಡ ಬಲ ಸುಮಾರು 100 ಮೈಕ್ರೋನ್ಯೂಟನ್, ಅಂದರೆ 10 ಮಿಲಿಗ್ರಾಂ ತೂಕದ ಒಂದು ಕಣ ತಟ್ಟೆಯ ಮೇಲೆ ಬಿದ್ದಷ್ಟು. ಇದನ್ನು ಅಳೆಯಲು, ತೋಳು ಎಷ್ಟು ತಿರುಚಿತೆಂಬುದರಿಂದ ಸಣ್ಣ ಬಲಗಳನ್ನು ಅಳೆಯುವ ತಿರುಚು ತಕ್ಕಡಿಯ ಒಂದು ತೋಳಿನ ಮೇಲೆ ಹಲವು ಕಿಲೋ ತೂಕದ ತಾಮ್ರದ ಡಬ್ಬಿ, ಮೈಕ್ರೋವೇವ್ ವರ್ಧಕ, ಶಾಖವನ್ನು ಹೊರಬಿಡುವ ಲೋಹದ ರೆಕ್ಕೆಗಳು, ತಂತಿಗಳು ಎಲ್ಲವನ್ನೂ ಕೂರಿಸುತ್ತಾರೆ. ವಿದ್ಯುತ್ ಹರಿದ ಕೂಡಲೇ ಇವೆಲ್ಲವೂ ಬಿಸಿಯಾಗತೊಡಗುತ್ತವೆ. 30 ಸೆಂಟಿಮೀಟರ್ ಉದ್ದದ ತಾಮ್ರ 10 ಡಿಗ್ರಿ ಬಿಸಿಯಾದರೆ 50 ಮೈಕ್ರೋಮೀಟರ್ ಹಿಗ್ಗುತ್ತದೆ. ತೋಳಿನ ಮೇಲಿನ ಭಾರದ ಕೇಂದ್ರ ಅಷ್ಟು ಸರಿದರೂ ಸಾಕು, ತಕ್ಕಡಿ ನಿಧಾನವಾಗಿ ಹೊರಳಿ ಹೊಸ ಜಾಗದಲ್ಲಿ ನಿಲ್ಲುತ್ತದೆ, ಅದನ್ನು ಓದುವ ಲೇಸರ್ ಮಾತ್ರ ‘ಬಲ ಬಂದಿದೆ’ ಎಂದು ಗುರುತು ಮಾಡಿಕೊಳ್ಳುತ್ತದೆ.

ಶಾಖದ ನಂತರ ಕಾಂತಕ್ಷೇತ್ರ. ಭೂಮಿಯ ಕ್ಷೇತ್ರ ಸುಮಾರು 50 ಮೈಕ್ರೋಟೆಸ್ಲಾ. ಸರಿಯಾಗಿ ಕವಚ ಹಾಕದ 10 ಸೆಂಟಿಮೀಟರ್ ತಂತಿಯಲ್ಲಿ 2 ಆಂಪಿಯರ್ ಹರಿದರೆ ಅದರ ಮೇಲೆ ಬೀಳುವ ಬಲ 10 ಮೈಕ್ರೋನ್ಯೂಟನ್. ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಮಾರ್ಟಿನ್ ತಾಯ್ಮಾರ್ ತಂಡ 2018ರಲ್ಲಿ ಮಾಡಿದ ಪರೀಕ್ಷೆ ನನಗೆ ಬಹಳ ಮೆಚ್ಚುಗೆಯಾದದ್ದು ಈ ಕಾರಣಕ್ಕೆ. ಅವರು ವರ್ಧಕಕ್ಕೆ ಎಂದಿನಷ್ಟೇ ವಿದ್ಯುತ್ ಕೊಟ್ಟು, ಡಬ್ಬಿಯೊಳಕ್ಕೆ ಹೋಗುವ ಮೈಕ್ರೋವೇವನ್ನು ಮಾತ್ರ ಬಹುಪಾಲು ತಡೆದರು. ಆದರೂ ತಕ್ಕಡಿ ಮೊದಲಿನಂತೆಯೇ ಹೊರಳಿತು. ಡಬ್ಬಿಯೊಳಗೆ ಏನೂ ಇಲ್ಲದಿದ್ದಾಗಲೂ ಬಲ ಕಾಣಿಸುವುದಾದರೆ ಆ ಬಲ ಡಬ್ಬಿಯದಲ್ಲ, ತಂತಿಗಳದು. 2021ರ ಹೊತ್ತಿಗೆ ಅದೇ ತಂಡ ನಾಸಾದ ಫಲಿತಾಂಶವನ್ನು ಹೋಲುವ ಸಂಕೇತವನ್ನು ತನ್ನ ಉಪಕರಣದಲ್ಲಿಯೂ ಕಂಡು, ತೂಗುಹಾಕುವ ವಿಧಾನವನ್ನು ಬದಲಿಸಿದಾಗ ಅದು ಮಾಯವಾಗುವುದನ್ನೂ ತೋರಿಸಿತು. ಉಳಿದ ಬಲ ಬೆಳಕಿನ ಮಿತಿಗಿಂತಲೂ ಕೆಳಗಿತ್ತು.

ಇದಕ್ಕೊಂದು ಹಳೆಯ ಪೂರ್ವಜನೂ ಇದೆ. ನಾರ್ಮನ್ ಡೀನ್ ಎಂಬವರಿಗೆ 1959ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕ ಯಂತ್ರದಲ್ಲಿ ವಿರುದ್ಧ ದಿಕ್ಕಿಗೆ ತಿರುಗುವ ಭಾರಗಳಿದ್ದವು. ಅಂತಹ ಯಂತ್ರ ನೆಲದ ಮೇಲೆ ಜರುಗುವುದು ಬಟ್ಟೆ ಒಗೆಯುವ ಯಂತ್ರ ಹಿಂಡುವಾಗ ಜಾಗ ಬಿಟ್ಟು ಸರಿಯುವಂತೆಯೇ: ಜೋರಾದ ಎಳೆತದಲ್ಲಿ ಘರ್ಷಣೆ ಸೋಲುತ್ತದೆ, ಮೆಲ್ಲನೆಯ ಮರುಎಳೆತದಲ್ಲಿ ಗೆಲ್ಲುತ್ತದೆ. ನೆಲವನ್ನು ತೆಗೆದರೆ ಯಂತ್ರ ನಿಂತಲ್ಲೇ ತೊನೆಯುತ್ತದೆ.

ಅನುಮಾನಪಕ್ಷ ಉತ್ತರಿಸಿದ್ದಾರೆ:

ಇಬ್ಬರ ವಿವರಣೆಯನ್ನೂ ಒಪ್ಪುತ್ತೇನೆ, ಆದರೆ ಅದರಿಂದ ಹೊರಡುವ ‘ಹಾಗಾದರೆ ಇಂಥದ್ದನ್ನು ಹುಡುಕುವುದೇ ವ್ಯರ್ಥ’ ಎಂಬ ಧ್ವನಿಯನ್ನು ಒಪ್ಪಲಾರೆ. ಸಂವೇಗ ಸಂರಕ್ಷಣೆಯನ್ನು ಮುರಿಯದೆಯೇ ಹೊಸದನ್ನು ಹೇಳುವ ಪ್ರಸ್ತಾಪಗಳೂ ಇವೆ. ಡೆನಿಸ್ ಶಿಯಾಮಾ 1953ರಲ್ಲಿ, ವಸ್ತುವಿನ ಜಡತ್ವವೇ ಬ್ರಹ್ಮಾಂಡದ ದೂರದ ದ್ರವ್ಯದೊಂದಿಗಿನ ಗುರುತ್ವ ಸಂಬಂಧದಿಂದ ಹುಟ್ಟುತ್ತದೆ ಎಂಬ ಭೌತವಿಜ್ಞಾನಿ ಅರ್ನ್ಸ್ಟ್ ಮಾಕ್‌ನ ವಿಚಾರಕ್ಕೆ ಗಣಿತದ ರೂಪ ಕೊಡಲು ಯತ್ನಿಸಿದರು. ಅದನ್ನು ಆಧರಿಸಿ ಕ್ಯಾಲಿಫೋರ್ನಿಯಾದ ಜೇಮ್ಸ್ ವುಡ್‌ವರ್ಡ್, ಒಂದು ವಸ್ತುವಿನೊಳಗಿನ ಶಕ್ತಿಯನ್ನು ವೇಗವಾಗಿ ಏರಿಳಿಸಿದರೆ ಅದರ ದ್ರವ್ಯರಾಶಿಯೂ ಕ್ಷಣಕಾಲ ಏರಿಳಿಯುತ್ತದೆ, ಹಗುರವಾದಾಗ ಎಳೆದು ಭಾರವಾದಾಗ ನೂಕಿದರೆ ನಿವ್ವಳ ಬಲ ಉಳಿಯುತ್ತದೆ ಎಂದು ವಾದಿಸಿ ವಿದ್ಯುತ್ ಕೊಟ್ಟರೆ ಹಿಗ್ಗಿ ಕುಗ್ಗುವ ಪೀಜೋ ಬಿಲ್ಲೆಗಳ ಕಂತೆಯಿಂದ ದಶಕಗಳ ಕಾಲ ಪ್ರಯೋಗ ಮಾಡಿದರು. ಇಲ್ಲಿ ಸಂವೇಗದ ಸಾಲವನ್ನು ತೀರಿಸುವುದು ದೂರದ ನಕ್ಷತ್ರರಾಶಿ. ಇದು ಸರಿಯೆಂದು ನಾನು ಹೇಳುತ್ತಿಲ್ಲ. ತಾಯ್ಮಾರ್ ತಂಡ ಇದನ್ನೂ ಪರೀಕ್ಷಿಸಿ, ಕಂಡ ಬಲಕ್ಕೆ ಕಂಪನವೇ ಕಾರಣವೆಂದಿದೆ. ಆದರೂ ‘ಯಾವುದನ್ನು ನೂಕುತ್ತೀರಿ?’ ಎಂಬ ಪ್ರಶ್ನೆಗೆ ಉತ್ತರ ಕೊಡಲು ಒಪ್ಪಿದ ಪ್ರಸ್ತಾಪವಿದು. ಉತ್ತರ ಕೊಡದವುಗಳ ಜೊತೆ ಇದನ್ನು ಸೇರಿಸಿ ಬಿಸಾಡಬಾರದು.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಸೌರಮಂಡಲದ ಹೊರಭಾಗಕ್ಕೆ ಹೋದ ಪಯನೀರ್ 10 ಮತ್ತು 11 ನೌಕೆಗಳು ಲೆಕ್ಕಕ್ಕೆ ಸಿಗದ ಒಂದು ಸಣ್ಣ ವೇಗೋತ್ಕರ್ಷದಿಂದ ಸೂರ್ಯನ ಕಡೆಗೆ ಎಳೆಯಲ್ಪಡುತ್ತಿದ್ದವು. ಅದರ ಪ್ರಮಾಣ ಸೆಕೆಂಡಿನ ವರ್ಗಕ್ಕೆ ಒಂದು ಮೀಟರಿನ ನೂರುಕೋಟಿಯಲ್ಲೊಂದು ಪಾಲಿಗೂ ಕಡಿಮೆ. ಗುರುತ್ವದ ನಿಯಮವನ್ನೇ ತಿದ್ದಬೇಕೆಂದವರೂ ಇದ್ದರು. ಹಳೆಯ ದೂರಮಾಪನ ದತ್ತಾಂಶವನ್ನು ಕಲೆಹಾಕಿ, ನೌಕೆಯ ಉಷ್ಣ ಮಾದರಿಯನ್ನು ಕಟ್ಟಿ ನೋಡಿದ ಮೇಲೆ 2012ರಲ್ಲಿ ತಿಳಿದದ್ದು: ಅಣುವಿದ್ಯುತ್ ಮೂಲದ ಶಾಖ ಎಲ್ಲ ದಿಕ್ಕಿಗೂ ಸಮನಾಗಿ ಹೊಮ್ಮುತ್ತಿರಲಿಲ್ಲ. ಎರಡು ಕಿಲೋವ್ಯಾಟಿಗೂ ಮಿಕ್ಕ ಶಾಖದಲ್ಲಿ ಅರುವತ್ತು ವ್ಯಾಟಿನ ಆಸುಪಾಸು ಒಂದೇ ಕಡೆಗೆ ಹೆಚ್ಚಾಗಿ ಚೆಲ್ಲಿದರೆ ಸಾಕು, ಆ ಎಳೆತ ಹುಟ್ಟುತ್ತದೆ. ಕಕ್ಷಾಗಣಕ ಅವರು ಹೇಳಿದ ಬೆಳಕಿನ ಎಂಜಿನ್ ಯಾರೂ ಉದ್ದೇಶಿಸದೆ ಎರಡು ನೌಕೆಗಳಲ್ಲಿ ವರ್ಷಗಟ್ಟಲೆ ಓಡುತ್ತಿತ್ತು! ನಿಯಮ ಗೆದ್ದಿತು, ಸರಿ. ಆದರೆ ವೈಪರೀತ್ಯವನ್ನು ಗಂಭೀರವಾಗಿ ತೆಗೆದುಕೊಂಡು ಬೆನ್ನಟ್ಟಿದವರಿಲ್ಲದಿದ್ದರೆ ಇದೂ ತಿಳಿಯುತ್ತಿರಲಿಲ್ಲ.

ದೂರಯಾನಿ ಮತ್ತೆ ಕೇಳಿದ್ದಾರೆ:

ಎಲ್ಲರಿಗೂ ಕೃತಜ್ಞತೆಗಳು. ಕಕ್ಷಾಗಣಕ ಅವರ ಅಳತೆಗೋಲಿನ ಬಗ್ಗೆ ಎರಡು ಸಂದೇಹಗಳಿವೆ. ಸೆಕೆಂಡಿಗೆ 833 ಕಿ.ಮೀ. ಎಂದಾಕ್ಷಣ ನನಗೆ ಸೂರ್ಯನಿಂದ ಹೊಮ್ಮುವ ಕಣಗಳ ಹರಿವಾದ ಸೌರಮಾರುತ ನೆನಪಾಯಿತು; ಅದರ ವೇಗವೂ ಸೆಕೆಂಡಿಗೆ 400ರಿಂದ 800 ಕಿ.ಮೀ. ಅಲ್ಲವೇ? ಎರಡನೆಯದು, ಸ್ಥಿರ ವಿದ್ಯುತ್ತಿಗೆ ಸ್ಥಿರ ಬಲ ಕೊಡುವ ಎಂಜಿನ್ ಒಂದು ವೇಗದ ನಂತರ ತಾನು ಖರ್ಚು ಮಾಡಿದ್ದಕ್ಕಿಂತ ಹೆಚ್ಚು ಚಲನಶಕ್ತಿಯನ್ನು ಗಳಿಸುತ್ತದೆ, ಆದ್ದರಿಂದ ಅದು ಅಸಾಧ್ಯ ಎಂಬ ವಾದವನ್ನು ಬೇರೆ ಕಡೆ ಓದಿದೆ. ಆದರೆ ಮಾಮೂಲಿ ರಾಕೆಟ್ಟೂ ಸ್ಥಿರ ಬಲವನ್ನೇ ಕೊಡುತ್ತದಲ್ಲ?

ಕಕ್ಷಾಗಣಕ ಉತ್ತರಿಸಿದ್ದಾರೆ:

ಎರಡನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಈ ವಾದವನ್ನು ಮಂಡಿಸುವ ಅನೇಕರು ನೀವು ಎತ್ತಿದ ತೊಡಕನ್ನು ಗಮನಿಸಿರುವುದಿಲ್ಲ. ವೇಗವಾಗಿ ಓಡುತ್ತಿರುವ ರಾಕೆಟ್ಟಿನ ಚಲನಶಕ್ತಿ ಅದು ಸುಡುವ ಇಂಧನದ ಶಕ್ತಿಗಿಂತ ಬೇಗ ಏರುವುದು ನಿಜ. ಹೆಚ್ಚುವರಿ ಶಕ್ತಿ ಬರುವುದು ನೋದಕದಿಂದಲೇ, ಆದರೆ ರಾಸಾಯನಿಕ ರೂಪದಲ್ಲಿ ಅಲ್ಲ. ಇನ್ನೂ ತೊಟ್ಟಿಯಲ್ಲಿರುವ ನೋದಕವೂ ನೌಕೆಯ ಜೊತೆ ಓಡುತ್ತಿರುವುದರಿಂದ ಅದರಲ್ಲಿ ಚಲನಶಕ್ತಿ ತುಂಬಿದೆ, ಹಿಂದಕ್ಕೆ ಎಸೆದಾಗ ಅದರ ವೇಗ ತಗ್ಗಿ ಆ ಶಕ್ತಿ ನೌಕೆಗೆ ವರ್ಗವಾಗುತ್ತದೆ. ಕೂಡಿ ಕಳೆದರೆ ಲೆಕ್ಕ ತಾಳೆಯಾಗುತ್ತದೆ. ಏನನ್ನೂ ಎಸೆಯದ, ಏನನ್ನೂ ನೂಕದ ಡಬ್ಬಿಗೆ ಈ ಉಳಿತಾಯ ಖಾತೆಯೇ ಇಲ್ಲ. ಕಿಲೋವ್ಯಾಟಿಗೆ 1.2 ಮಿಲಿನ್ಯೂಟನ್ ಕೊಡುವ ಡಬ್ಬಿ ಸೆಕೆಂಡಿಗೆ 833 ಕಿ.ಮೀ. ವೇಗವನ್ನು ಮುಟ್ಟಿದ ಮೇಲೆ ಪ್ರತಿ ಕ್ಷಣವೂ ತಾನು ಪಡೆದ ವಿದ್ಯುತ್ತಿಗಿಂತ ಹೆಚ್ಚನ್ನು ಹಿಂತಿರುಗಿಸುತ್ತದೆ. ವೇಗವನ್ನು ಯಾರಿಗೆ ಹೋಲಿಸಿ ಎಂದು ಕೇಳುವವರಿದ್ದಾರೆ. ಅಷ್ಟು ವೇಗದಲ್ಲಿ ಎದುರಿನಿಂದ ಬರುವ ವೀಕ್ಷಕನೊಬ್ಬನ ಲೆಕ್ಕದಲ್ಲಿ ಡಬ್ಬಿ ಚಾಲೂ ಆದ ಮೊದಲ ಕ್ಷಣದಲ್ಲಿಯೇ ಪುಕ್ಕಟೆ ಶಕ್ತಿ ಹುಟ್ಟುತ್ತಿದೆ, ಆದ್ದರಿಂದ ತೊಂದರೆ ದೂರದ ಭವಿಷ್ಯದ್ದಲ್ಲ. ಅದೇ ಲೆಕ್ಕದಲ್ಲಿ ಬೆಳಕಿನ ಎಂಜಿನ್ನಿಗೆ ಬರುವ ಮಿತಿ ಬೆಳಕಿನ ವೇಗವೇ, ಅದನ್ನು ಯಾವ ನೌಕೆಯೂ ಮುಟ್ಟುವುದಿಲ್ಲ. ನಿಸರ್ಗದ ಖಾತೆಪುಸ್ತಕ ಅಷ್ಟು ಅಚ್ಚುಕಟ್ಟು.

ಸೌರಮಾರುತದ ಊಹೆ ಸೊಗಸಾಗಿದೆ, ಆದರೆ ಭೂಮಿಯ ಮೇಲಿನ ಉಕ್ಕಿನ ನಿರ್ವಾತ ಕೋಣೆಯೊಳಕ್ಕೆ ಅದು ಬರುವುದಿಲ್ಲ. ಹೊರಗಿದ್ದರೂ ಅದರ ಒತ್ತಡ ಪ್ರತಿ ಚದರ ಮೀಟರಿಗೆ ಒಂದೆರಡು ನ್ಯಾನೋನ್ಯೂಟನ್ ಮಾತ್ರ, ಸೂರ್ಯನ ಬೆಳಕಿನ ಒತ್ತಡದ ಸಾವಿರಾರು ಪಾಲಿನಲ್ಲಿ ಒಂದು. ಆದರೂ ಅದನ್ನು ಹಿಡಿಯುವ ಯೋಜನೆ ಇದೆ. ಫಿನ್‌ಲ್ಯಾಂಡಿನ ಪೆಕ್ಕಾ ಯಾನ್‌ಹುನೆನ್ ರೂಪಿಸಿದ ವಿದ್ಯುತ್ ಹಾಯಿಯಲ್ಲಿ ಬಟ್ಟೆಯೇ ಇಲ್ಲ. ಕಿಲೋಮೀಟರ್‌ಗಟ್ಟಲೆ ಉದ್ದದ ಕೂದಲೆಳೆಯಂಥ ತಂತಿಗಳಿಗೆ ಧನ ವಿದ್ಯುದಂಶ ಏರಿಸಿದರೆ ಪ್ರತಿ ತಂತಿಯ ಸುತ್ತ ಹತ್ತಾರು ಮೀಟರ್ ಅಗಲದ ಕ್ಷೇತ್ರ ಹರಡಿ ಪ್ರೋಟಾನುಗಳನ್ನು ಹೊರಳಿಸುತ್ತದೆ. ತಂತಿಯ ತೂಕ ತೀರಾ ಕಡಿಮೆ, ಹಾಯಿಯ ಹರಹು ದೊಡ್ಡದು. ಇನ್ನೂ ಸಾಬೀತಾಗದ ಕಲ್ಪನೆಗಳಲ್ಲಿ ನಾನು ಹಣ ಹೂಡುವುದಾದರೆ ಇದರ ಮೇಲೆಯೇ.

ಬಾಗಿದದೇಶ ಉತ್ತರಿಸಿದ್ದಾರೆ:

ದೇಶಕಾಲದ ಪ್ರಶ್ನೆ ಉಳಿದುಹೋಯಿತು. ಮಿಗೆಲ್ ಅಲ್ಕುಬಿಯೆರ್ 1994ರಲ್ಲಿ ಪ್ರಕಟಿಸಿದ ಗುಳ್ಳೆಯಲ್ಲಿ ನೌಕೆಯ ಮುಂದಿನ ದೇಶ ಕುಗ್ಗುತ್ತದೆ, ಹಿಂದಿನದು ಹಿಗ್ಗುತ್ತದೆ, ಒಳಗಿರುವವರಿಗೆ ನೂಕಿದ ಅನುಭವವೇ ಆಗುವುದಿಲ್ಲ. ಐನ್‌ಸ್ಟೈನ್ ಸಮೀಕರಣಗಳಿಗೆ ಅದು ಹೊಂದುತ್ತದೆ, ಆದರೆ ಅದಕ್ಕೆ ಋಣಶಕ್ತಿ, ಅಂದರೆ ಸೊನ್ನೆಗಿಂತ ಕಡಿಮೆ ಶಕ್ತಿ, ಬೇಕು. 1997ರಲ್ಲಿ ಫೆನ್ನಿಂಗ್ ಮತ್ತು ಫೋರ್ಡ್ ಲೆಕ್ಕ ಹಾಕಿದಾಗ ಕಣ್ಣಿಗೆ ಕಾಣುವ ವಿಶ್ವದಲ್ಲಿರುವ ಶಕ್ತಿಗಿಂತಲೂ ಹೆಚ್ಚು ಬೇಕಾದೀತೆಂದು ತಿಳಿಯಿತು. ನಂತರದ ತಿದ್ದುಪಡಿಗಳು ಪ್ರಮಾಣವನ್ನು ತಗ್ಗಿಸಿದವು, ಆದರೆ ಅಂತಹ ಗುಳ್ಳೆಯನ್ನು ನಿಂತಲ್ಲಿಂದ ಹೊರಡಿಸುವುದು ಹೇಗೆಂಬುದು ಅವುಗಳಲ್ಲಿಯೂ ಸ್ಪಷ್ಟವಿಲ್ಲ.

ಅದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಜ್ಯಾಕ್ ವಿಸ್ಡಂ 2003ರಲ್ಲಿ ತೋರಿಸಿದ ಫಲಿತಾಂಶ. ಬಾಗಿದ ದೇಶಕಾಲದಲ್ಲಿ ಒಂದು ವಸ್ತು ತನ್ನ ಆಕಾರವನ್ನು ಆವರ್ತವಾಗಿ ಬದಲಿಸುತ್ತಾ, ಏನನ್ನೂ ನೂಕದೆ, ನಿಜವಾಗಿಯೂ ಜಾಗ ಬದಲಿಸಬಲ್ಲದು. ಋಣಶಕ್ತಿ ಬೇಡ, ಹೊಸ ನಿಯಮ ಬೇಡ. ಆದರೆ ಭೂಮಿಯ ಮೇಲ್ಮೈಯಲ್ಲಿ ಒಂದು ಮೀಟರ್ ಗಾತ್ರದ ವಸ್ತು ಮೀಟರಿನಷ್ಟೇ ಕೈಕಾಲು ಚಾಚಿ ಈಜಿದರೆ ಒಂದು ಆವರ್ತಕ್ಕೆ ಸರಿಯುವ ದೂರ ದಶಮಾಂಶ ಬಿಂದುವಿನ ನಂತರ 22 ಸೊನ್ನೆಗಳಾಗಿ ಆಮೇಲೆ 1 ಬರುವಷ್ಟು ಮೀಟರ್, ಪರಮಾಣುವಿನ ಬೀಜಕ್ಕಿಂತ ಎಷ್ಟೋ ಕೋಟಿ ಪಟ್ಟು ಚಿಕ್ಕದು. ಈಜು ನಿಲ್ಲಿಸಿದರೆ ಸರಿಯುವುದೂ ನಿಲ್ಲುತ್ತದೆ, ವೇಗ ಕೂಡಿಕೊಳ್ಳುವುದಿಲ್ಲ.

ತಿರುಚುತಕ್ಕಡಿ ಉತ್ತರಿಸಿದ್ದಾರೆ:

ಅನುಮಾನಪಕ್ಷ ಅವರ ಮಾತಿಗೆ ಒಂದು ಸೇರ್ಪಡೆ. ಬೆನ್ನಟ್ಟುವುದಾದರೆ ತಕ್ಕಡಿಯ ಮೇಲೆ ಇನ್ನು ಹೆಚ್ಚು ಕಾಲ ಕಳೆಯುವುದರಲ್ಲಿ ಅರ್ಥವಿಲ್ಲ, ಕಕ್ಷೆಗೆ ಕಳಿಸಿ ನೋಡಬೇಕು. 10 ಕಿಲೋ ತೂಕದ ಪುಟ್ಟ ಉಪಗ್ರಹಕ್ಕೆ 100 ಮೈಕ್ರೋನ್ಯೂಟನ್ ಬಲ ಚಲನೆಯ ದಿಕ್ಕಿನಲ್ಲಿ ಸತತವಾಗಿ ದೊರೆತರೆ ದಿನಕ್ಕೆ ಸೆಕೆಂಡಿಗೆ 86 ಸೆಂಟಿಮೀಟರ್ ವೇಗ ಸಿಗುತ್ತದೆ, ಕಕ್ಷೆ ದಿನಕ್ಕೆ ಒಂದೂವರೆ ಕಿಲೋಮೀಟರಿನಷ್ಟು ಮೇಲೇರುತ್ತದೆ. ತಿಂಗಳೊಪ್ಪತ್ತಿನಲ್ಲಿ ಅದನ್ನು ನೆಲದ ರೇಡಾರುಗಳೇ ಕಂಡುಹಿಡಿಯುತ್ತವೆ, ಯಾರ ಮಾತನ್ನೂ ನಂಬಬೇಕಾಗಿಲ್ಲ. ಶಾಖದಿಂದ ಭಾರದ ಕೇಂದ್ರ ಸರಿದರೆ ಅಲ್ಲಿ ಕಕ್ಷೆ ಏರುವುದಿಲ್ಲ. ವಿದ್ಯುತ್ತಿನ ಸುತ್ತು ಉಪಗ್ರಹದೊಳಗೇ ಮುಚ್ಚಿಕೊಂಡಿರುವುದರಿಂದ ಭೂಮಿಯ ಕಾಂತಕ್ಷೇತ್ರ ಅದನ್ನು ತಿರುಗಿಸೀತೇ ಹೊರತು ಹೇಳಿಕೊಳ್ಳುವಷ್ಟು ನೂಕಲಾರದು. ಒಂದು ತಿಂಗಳು ಎಂಜಿನ್ನಿನ ಮೂತಿಯನ್ನು ಮುಂದಕ್ಕೆ, ಇನ್ನೊಂದು ತಿಂಗಳು ಹಿಂದಕ್ಕೆ, ಮತ್ತೊಂದು ತಿಂಗಳು ಅಷ್ಟೇ ವಿದ್ಯುತ್ತನ್ನು ಬರಿಯ ರೋಧಕದಲ್ಲಿ ಸುಟ್ಟು ನೋಡಿದರೆ ಗಾಳಿಯ ಎಳೆತವೂ ಬೆಳಕಿನ ಒತ್ತಡವೂ ಲೆಕ್ಕದಿಂದ ಬೇರ್ಪಡುತ್ತವೆ.

ಇದಕ್ಕೆ ಹತ್ತಿರದ ಯತ್ನವೊಂದು ನಡೆದಿದೆ. ಜಡತ್ವದ ಕ್ವಾಂಟಂ ವಿವರಣೆಯೊಂದನ್ನು ಆಧರಿಸಿದ ಎಂಜಿನ್ ಹೊತ್ತ ಬ್ಯಾರಿ-1 ಎಂಬ ಉಪಗ್ರಹ 2023ರ ನವೆಂಬರಿನಲ್ಲಿ ಕಕ್ಷೆ ಸೇರಿತು. ವಿದ್ಯುತ್ ವ್ಯವಸ್ಥೆಯ ತೊಂದರೆಯಿಂದಾಗಿ 2024ರ ಫೆಬ್ರವರಿಯಲ್ಲಿ ಅದರ ಸಂಪರ್ಕ ಕಡಿದುಹೋಯಿತು, ಎಂಜಿನ್ನನ್ನು ಚಾಲೂ ಮಾಡುವ ಸರದಿ ಅದಕ್ಕೆ ಮೊದಲು ಬರಲೇ ಇಲ್ಲ.